ಅಪ್ಪ ಹೋದ ಮೇಲಿನ ಸಾಲ

ಇಳಕಲ್ಲ
೧೮ ನವೆಂಬರ್ ೨೦೨೪

ನನ್ನ ಮುದ್ದಿನ ಅವ್ವನಿಗೆ ಸೋಮಲಿಂಗನ ನಮಸ್ಕಾರ.

ಮೊಣಕಾಲು ಹೇಗಿದೆ? ಬಾದಾಮಿಯ ಡಾಕ್ಟರು ಹೇಳಿದ ವ್ಯಾಯಾಮ ಮಾಡುತ್ತೀಯೋ, ಅಕ್ಕನ ಅಡುಗೆಮನೆಯಲ್ಲಿ ನಿಂತು ರೊಟ್ಟಿ ಬಡಿಯುತ್ತೀಯೋ? ಎರಡನೆಯದೇ ಎಂದು ನನಗೆ ಗೊತ್ತು. ಫೋನು ಮಾಡಬಹುದಿತ್ತು, ಆದರೆ ನಿನ್ನ ದನಿ ಕೇಳಿದರೆ ಮುಂದಿನದನ್ನು ಹೇಳಲಾರೆ.

ಅಂಗಡಿಗೆ ಬೀಗ ಬಿತ್ತು ಅವ್ವಾ. ಅಪ್ಪನಿಗೆ ನೂಲು ಕೊಡುತ್ತಿದ್ದ ಬಾಗಲಕೋಟೆಯ ಧರ್ಮರಾಜ ಹಾಕಿದ್ದ ಕೇಸಿನಲ್ಲಿ ಕಳೆದ ವಾರ ಆದೇಶವಾಯಿತು. ಅಪ್ಪ ಉಯಿಲು ಬರೆಯದೆ ಹೋದದ್ದರಿಂದ ಕೋರ್ಟು ನನ್ನನ್ನು ಆಸ್ತಿಯ ಆಡಳಿತಗಾರನನ್ನಾಗಿ ಮಾಡಿತ್ತಲ್ಲ, ಅದು ಇದ್ದ ಮಾಲು ಮಾರಿ ಸಾಲ ತೀರಿಸಲಿಕ್ಕಂತೆ, ವ್ಯಾಪಾರ ಮುಂದುವರಿಸಲಿಕ್ಕಲ್ಲವಂತೆ. ನಾನು ವ್ಯಾಪಾರ ನಡೆಸಿದೆ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಗಳಿದ್ದವು, ನೇಕಾರರು ನನ್ನ ಮುಖ ನೋಡುತ್ತಿದ್ದರು, ಇನ್ನೇನು ಮಾಡಬೇಕಿತ್ತು? "ಸಾಲ ಕೊಟ್ಟಾವ್ರ ಒಪ್ಪಿಗಿ ಬರ್ಸಿಕೊಂಡೀರೇನ್ರಿ?" ಎಂದು ನಮ್ಮ ವಕೀಲರು ಕೇಳುತ್ತಾರೆ. ಅಪ್ಪನ ದಿವಸದ ಕಾರ್ಯ ಮುಗಿಸಿ ಅಂಗಡಿ ತೆರೆದಾಗ ನಮ್ಮ ಪೇಟೆಯ ರೀತಿಯಂತೆ ಸಾಲ ಕೊಟ್ಟವರೆಲ್ಲರ ಕೈಗೂ ಎಲೆ ಅಡಿಕೆ ಕೊಟ್ಟಿದ್ದೆ. ತೆಗೆದುಕೊಂಡರೆ ವ್ಯಾಪಾರ ನಡೆಯಲಿ ಎಂದೇ ಅರ್ಥ, ನೀನೂ ಹಾಗೇ ಹೇಳಿಕೊಟ್ಟಿದ್ದೆ. ಧರ್ಮರಾಜನೂ ತೆಗೆದುಕೊಂಡಿದ್ದ. ಕೋರ್ಟಿನಲ್ಲಿ ಮಾತ್ರ, "ಸತ್ತವರ ಮನಿಯಾಗ ಕೊಟ್ಟಿದ್ದು ಬ್ಯಾಡ ಅನ್ನಾಕ ಬರ್ತೈತೇನ್ರಿ? ಮರ್ಯಾದಿಗೆ ತಗೊಂಡೇನಿ" ಎಂದ. ಅದು ಸುಳ್ಳೂ ಅಲ್ಲ. ಸಿಟ್ಟು ಬಂತು, ಯಾರ ಮೇಲೆ ಮಾಡಲಿ?

ಎಲೆ ಅಡಿಕೆ ಒಪ್ಪಿಗೆಯಲ್ಲ ಎಂದಿತು ಕೋರ್ಟು. ಈಗ ಅಂಗಡಿಯ ಮಾಲೆಲ್ಲ ಮೊದಲು ಅಪ್ಪನ ಕಾಲದ ಸಾಲಕ್ಕೆ, ಅದಕ್ಕೇ ಸಾಲದು. ನೂಲಿಗೆ ಬಣ್ಣ ಹಾಕುವ ನಮ್ಮ ಜುಲೇಖಾ, ಕೈಬಳೆ ಅಡವಿಟ್ಟು ರೇಷ್ಮೆ ತಂದುಕೊಟ್ಟವಳು, ಕೊಟ್ಟದ್ದು ಅಪ್ಪ ಹೋದ ಮೇಲೆ. ಹಾಗಾಗಿ ಅದು ಅಪ್ಪನ ಸಾಲವಲ್ಲ, ನನ್ನದು. ಅವಳ ರೇಷ್ಮೆಯ ಸೀರೆಗಳೇ ಬೀಗದೊಳಗಿವೆ, ಮಾರಿದ ಹಣ ಮಾತ್ರ ಹಳೆಯ ಸಾಲದವರಿಗೆ. ಅವಳು ಕೇಳುವುದಾದರೆ ನನ್ನನ್ನೇ ಕೇಳಬೇಕು. ನನ್ನ ಹತ್ತಿರ ಆ ಹಳೆಯ ಬೈಕು ಬಿಟ್ಟರೆ ಏನಿದೆ? "ನಿಮ್ಮ ಹೆಸರಿಲೆ ಏನೂ ಇಲ್ಲಲ್ರಿ, ಆಕಿ ಏನ್ ಮಾಡ್ತಾಳ? ಆರಾಮ ಇರ್ರಿ" ಎಂದು ವಕೀಲರು ಧೈರ್ಯ ಹೇಳಿದರು. ಅಂದಿನಿಂದ ನನಗೆ ಊಟ ಸೇರುತ್ತಿಲ್ಲ.

ಅಕ್ಕ ಮಾವನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ಬನಶಂಕರಿಗೆ ಹೋದರೆ ನನ್ನ ಹೆಸರಿನಲ್ಲೊಂದು ಕಾಯಿ ಒಡೆಸು. ಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ
ಸೋಮ

ತಾ.ಕ.: ಬೀಗ ಬಿದ್ದದ್ದು ಜುಲೇಖಾಗೆ ಗೊತ್ತು, ತನ್ನ ಹಣ ಬರುವುದಿಲ್ಲವೆಂದು ಗೊತ್ತಿಲ್ಲ. ಇವತ್ತು ಬೆಳಿಗ್ಗೆ ಮನೆಗೇ ಬಂದಿದ್ದಳು. ಹಣ ಕೇಳಲಿಲ್ಲ. "ಬೀಗ ತಗದ ಮ್ಯಾಲ ಸೆರಗಿಗೆ ಕೆಂಪು ಬೇಕಾಗತೈತಲ್ಲೋ ತಮ್ಮಾ, ಇಟ್ಕೋ" ಎಂದು ಮತ್ತೊಂದು ಗಂಟು ರೇಷ್ಮೆ ಇಟ್ಟು ಹೋದಳು. ಮರಳಿಸಲೆಂದು ಅವಳ ಓಣಿಯವರೆಗೆ ಹೋಗಿ, ಗಂಟಿನ ಸಮೇತ ವಾಪಸು ಬಂದೆ. ಅವಳು ಬಳೆ ಅಡವಿಡುವ ಮೊದಲು "ನನ್ನ ಮಗಗ ಕೊಡವ್ವಾ, ನಾ ಅದೇನಿ" ಎಂದು ಅವಳಿಗೆ ಹೇಳಿದವಳು ನೀನು. ಕಾಲು ನೋವಿದ್ದರೂ ಇದು ಕೈಸೇರಿದ ದಿನವೇ ಬಸ್ಸು ಹತ್ತಿ ಬಾ ಅವ್ವಾ. ಅವಳಿಗೆ ನೀನೇ ಹೇಳು.