ಕೆಂಪಿನ ಜಾಗದಲ್ಲಿ ನೀಲಿ

ಫೆ. 6, ಗುರುವಾರ. ಬೆಳಿಗ್ಗೆ
ಮತ್ತೆ ಹಸಿರು. ಮೊನ್ನೆ ಟೆಲಿಸ್ಕೋಪಿನಲ್ಲಿ ತೆಗೆದ ಗ್ಯಾಲಕ್ಸಿಯ ಚಿತ್ರ ಪಾಚಿ ಕಟ್ಟಿದ ತೊಟ್ಟಿಯಂತಿದೆ. ಕಲರ್ ಕ್ಯಾಮೆರಾದ ಹಣೆಬರಹವೇ ಇದು — ಸೆನ್ಸರ್ ಮೇಲೆ ಕೆಂಪು, ಹಸಿರು, ನೀಲಿ ಚೌಕಗಳು, ಅದರಲ್ಲಿ ಹಸಿರೇ ದುಪ್ಪಟ್ಟು. ಫೈಲು ಬರುವುದು ಬರೀ ಬೂದು. ಯಾವ ಚೌಕ ಯಾವ ಬಣ್ಣ ಎಂದು ಸಾಫ್ಟ್‌ವೇರ್‌ಗೆ ಹೇಳಬೇಕು. ಅದು ತಾನೇ ಹುಡುಕಲು ಹೋಗಿ ಎಡವುತ್ತದೆಂದು ‘ಆಟೋ’ ಆಫ್ ಮಾಡಿ, ನನ್ನ ಕ್ಯಾಮೆರಾದ ಚೌಕಗಳ ಕ್ರಮವನ್ನೇ ಖಾಯಂ ಮಾಡಿದ್ದೇನೆ.
ಹಸಿರು ತಗ್ಗಿಸಿದೆ. ಈಗ ಸರಿ. ದಿನವಿಡೀ ಡೆಂಟಲ್ ಲ್ಯಾಬಿನಲ್ಲಿ ಕೂತು ಕಟ್ಟುಹಲ್ಲಿಗೆ ಪಕ್ಕದ ಹಲ್ಲಿನ ಬಣ್ಣ ಹೊಂದಿಸುವವನು ನಾನು. ಬಣ್ಣದ ವಿಷಯದಲ್ಲಿ ನನಗೆ ಯಾರೂ ಟೋಪಿ ಹಾಕಲಾರರು.

ಫೆ. 9, ಭಾನುವಾರ. ಸಂಜೆ
ಖಗೋಳ ಸಂಘದ ಸಭೆ. ಪ್ರದರ್ಶನಕ್ಕೆ ಚಿತ್ರ ಆರಿಸುವವನು ನಾನೇ. ಭಾವ — ಅಕ್ಕನ ಗಂಡ, ನನಗೆ ಆಕಾಶ ತೋರಿಸಿಕೊಟ್ಟವರು — ಒಂದು ನಕ್ಷತ್ರಗುಚ್ಛದ ಚಿತ್ರ ತಂದಿದ್ದರು, ಕ್ಯಾಮೆರಾದ ಮೂಲ ಫೈಲಿನ ಜೊತೆ. ನಿಯಮದಂತೆ ಮೂಲವನ್ನು ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದೆ, ಎಲ್ಲರಿಗೂ ಕಾಣುವಂತೆ. ಅವರ ಚಿತ್ರದಲ್ಲಿ ಕಿತ್ತಳೆಯಾಗಿದ್ದ ನಕ್ಷತ್ರ ಮೂಲದಲ್ಲಿ ನೀಲಿ!
“ಏನ್ ಭಾವ, ಬಣ್ಣ ಬಳಿದು ತಂದ್ಬಿಟ್ರಾ?” ಎಂದೆ. ಜನ ನಕ್ಕರು.
“ಬಳಿದಿಲ್ಲ ಕಣೋ.” ಭಾವ ನನ್ನ ಪರದೆಯನ್ನೇ ನೋಡುತ್ತಾ ನಿಂತರು. ಅದರ ಮೂಲೆಯತ್ತ ಬೆರಳೆತ್ತಿ, ಜನರತ್ತ ನೋಡಿ ಇಳಿಸಿದರು.
“ಮೂಲ ಸುಳ್ಳು ಹೇಳಲ್ಲ, ಭಾವ.”
ಚಿತ್ರ ತಿರಸ್ಕರಿಸಿದೆ. ನೆಂಟರೆಂದು ಬಿಡಲಾದೀತೆ?

ಫೆ. 10
ಅಕ್ಕನ ಫೋನ್. “ನಿಮ್ಮ ಭಾವ ನಿನ್ನೆ ಮನೆಗೆ ಬಂದವರು ಊಟಾನೂ ಮಾಡ್ಲಿಲ್ಲ. ಅಷ್ಟು ಜನರ ಮುಂದೆ ಕಳ್ಳ ಅಂದ್ಯಂತೆ?”
“ಕಳ್ಳ ಅನ್ಲಿಲ್ಲಕ್ಕ.”
“ಮತ್ತೇನಂದೆ, ಹೇಳು.”
ಹೇಳಿದೆ. ಫೋನ್ ಇಟ್ಟಳು. ಗಂಡನ ಪರ ಅಲ್ಲದೆ ನನ್ನ ಪರ ಮಾತಾಡುತ್ತಾಳೆಯೇ!

ಮಾ. 5, ಬುಧವಾರ
ಸಂಘದ ಹೊಸ ಸದಸ್ಯೆ, ಬ್ಯಾಂಕ್ ಕ್ಯಾಷಿಯರ್, ತನ್ನ ಮೊದಲ ಫೈಲು ಕಳಿಸಿದ್ದಾಳೆ. ಭಾವನದೇ ಮಾದರಿಯ ಕ್ಯಾಮೆರಾ. ತೆರೆದೆ... ಬರಿಗಣ್ಣಿಗೇ ಕೆಂಪಗೆ ಕಾಣುವ ರೋಹಿಣಿ ನಕ್ಷತ್ರ ನೀಲಿ!
ಕ್ಯಾಮೆರಾದ ವಿವರಪತ್ರ ಹುಡುಕಿ ನೋಡಿದೆ. ಆ ಮಾದರಿಯಲ್ಲಿ ಚೌಕಗಳ ಕ್ರಮವೇ ತಿರುಗುಮುರುಗು. ನನ್ನಲ್ಲಿ ಕೆಂಪಿರುವ ಕಡೆ ಅದರಲ್ಲಿ ನೀಲಿ. ನಾನು ಎಲ್ಲವನ್ನೂ ನನ್ನ ಕ್ರಮದಲ್ಲೇ ಓದಿಸಿದ್ದೆ. ಕ್ರಮ ಬದಲಿಸಿ ಭಾವನ ಫೈಲು ತೆರೆದೆ. ಕಿತ್ತಳೆ. ನಕ್ಷತ್ರಗಳ ಪಟ್ಟಿಯಲ್ಲೂ ಕಿತ್ತಳೆ. ಅವತ್ತೇ ಪಟ್ಟಿ ನೋಡಬಹುದಿತ್ತಲ್ಲ! ನಾಲಿಗೆಗೆ ಅಷ್ಟೇನು ಅವಸರ? ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಮಾ. 6
ಭಾವನ ಮನೆಗೆ ಹೋದೆ. ಟೆಲಿಸ್ಕೋಪಿಗೆ ಹಳೇ ಬೆಡ್‌ಶೀಟ್ ಸುತ್ತಿ ಮಂಚದ ಕೆಳಗೆ ತಳ್ಳಿದ್ದಾರೆ. ಎಲ್ಲ ಹೇಳಿದೆ. ನಕ್ಕರು.
“ಅವತ್ತೇ ಗೊತ್ತಾಯ್ತು ಕಣೋ. ಯಾವ ಕ್ರಮ ಅಂತ ನಿನ್ನ ಸ್ಕ್ರೀನ್ ಮೇಲೇ ಇತ್ತಲ್ಲ.”
“ಮತ್ಯಾಕೆ ಹೇಳ್ಲಿಲ್ಲ?”
“ಸಂಘದವರಿಗೆಲ್ಲ ಬಣ್ಣದ ಪಾಠ ಹೇಳೋನು ನೀನು. ಅವರ ಮುಂದೆ ನಿನ್ನ ಮರ್ಯಾದೆ ತೆಗೀಲಾ? ಮನೆಗೆ ಬಂದು ನೀನೇ ಒಂದ್ಮಾತು ಕೇಳ್ತೀಯ ಅಂದ್ಕೊಂಡೆ.”
ಅಡುಗೆಮನೆಯಿಂದ ಅಕ್ಕ: “ಕೇಳೋಕೆ ಬರ್ಲಿಲ್ವಲ್ಲ.”
ಭಾನುವಾರವೇ ಪ್ರದರ್ಶನ. ಅಲ್ಲಿ ಎಲ್ಲರೆದುರು ಒಪ್ಪಿಕೊಳ್ಳುತ್ತೇನೆಂದು ಮಾತು ಕೊಟ್ಟೆ.

ಮಾ. 9, ಭಾನುವಾರ
ಪ್ರದರ್ಶನ. ಭಾವನ ಚಿತ್ರವನ್ನು ನಡುಗೋಡೆಗೆ ಹಾಕಿಸಿದೆ. ಇಸ್ತ್ರಿ ಶರ್ಟು ಹಾಕಿಕೊಂಡು ಬಂದಿದ್ದರು. ಅಕ್ಕನೂ ಬಂದಿದ್ದಳು. ಮೈಕ್ ಹಿಡಿದೆ. ತಪ್ಪು ನನ್ನದು ಅನ್ನಬೇಕು, ಅಷ್ಟೇ. ಮುಂದಿನ ಸಾಲಿನಲ್ಲಿ ಕ್ಯಾಷಿಯರ್, ಅವಳ ಪಕ್ಕ ನನ್ನ ಪಾಠ ಕೇಳುವವರೆಲ್ಲ. ಬಾಯಿಂದ ಬಂದದ್ದು — “ಅವತ್ತು ಸಾಫ್ಟ್‌ವೇರ್‌ನಲ್ಲಿ ಏನೋ ಎಡವಟ್ಟಾಗಿತ್ತು.”
ಚಪ್ಪಾಳೆ. ಭಾವನೂ ತಟ್ಟಿದರು. ಅಕ್ಕ ತಟ್ಟಲಿಲ್ಲ. ನನ್ನನ್ನೇ ನೋಡಿದಳು, ಬ್ಯಾಗ್ ಎತ್ತಿಕೊಂಡು ಹೊರಟಳು. ಭಾವ ಅವಳ ಹಿಂದೆ.
ಮೈಕ್ ಇನ್ನೂ ಕೈಯಲ್ಲೇ ಇತ್ತು. ಅವರು ಬಾಗಿಲು ದಾಟಿರಲಿಲ್ಲ. ಕೂಗಿದ್ದರೆ ಸಾಕಿತ್ತು. ನಾನು ಮುಂದಿನ ಚಿತ್ರದ ಹೆಸರು ಓದಿದೆ.