ದಾರಿ ತಪ್ಪದ ಸೋದರಮಾವ

ಯಳಂದೂರು,
ಗುರುವಾರ ಮಧ್ಯಾಹ್ನ

ನನ್ನ ಪುಸ್ತಕಗಳ ಮೊದಲ ಓದುಗಾರ್ತಿಯೂ ಮುಲಾಜಿಲ್ಲದ ವಿಮರ್ಶಕಿಯೂ ಆದ ಮೋನಿಕಾಳಿಗೆ, ತಲೆ ಇನ್ನೂ ಕತ್ತಿನ ಮೇಲೇ ಇರುವ ನಿನ್ನ ಸೋದರಮಾವ ಸತೀಶ ಬರೆಯುವುದು.

ನಾನು ಇಲ್ಲಿ ಕ್ಷೇಮ. ಕಾಗದ ಬರೆಯುವವರೆಲ್ಲ ಶುರುವಿಗೆ ಇದನ್ನೇ ಬರೆಯುತ್ತಾರೆ, ಓದುವವರು ಅದನ್ನು ದಾಟಿ ಮುಂದಿನ ಸಾಲಿಗೆ ಓಡುತ್ತಾರೆ. ನೀನು ಹಾಗೆ ಓಡಬೇಡ ಮಗ. ಈ ಕಾಗದದಲ್ಲಿ ಅದೇ ದೊಡ್ಡ ಸುದ್ದಿ. ನಿನ್ನ ಸೋದರಮಾವ ಬದುಕಿದ್ದಾನೆ. ಹೊತ್ತುಹೊತ್ತಿಗೆ ಉಣ್ಣುತ್ತಾನೆ, ಹೊಟ್ಟೆ ಕೂಡ ಬಂದಿದೆ, ಯಳಂದೂರು ಬಸ್‌ಸ್ಟ್ಯಾಂಡಿನಿಂದ ತನ್ನ ರೂಮಿಗೆ ದಾರಿ ತಪ್ಪದೆ ನಡೆದು ಬರುತ್ತಾನೆ. ಇದು ಯಾಕೆ ದೊಡ್ಡ ಸುದ್ದಿ ಅಂತ ಹೇಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ನಿನಗೆ ಒಂಬತ್ತು ತುಂಬಿದೆ. ತಲೆ ಉರುಳುವ ಚಿತ್ರಗಳನ್ನು ಅಕ್ಷರ ಕಲಿಯುವ ಮೊದಲೇ ನೋಡಿದವಳು ನೀನು. ಇದನ್ನೂ ಓದಿ ಅರಗಿಸಿಕೊಳ್ಳುತ್ತೀಯ.

ಹೊಟ್ಟೆಪಾಡಿಗೆ ನಾನು ರೇಷ್ಮೆ ಸೀರೆಗೆ ಡಿಸೈನ್ ಬರೆಯುವವನು. ಅಂಚಿಗೆ ಮಾವಿನಕಾಯಿ, ಸೆರಗಿಗೆ ನವಿಲು. ಗಿರಾಕಿ ಬದಲಾದರೆ ಅಂಚಿಗೆ ನವಿಲು, ಸೆರಗಿಗೆ ಮಾವಿನಕಾಯಿ. ಆ ಬೇಜಾರಿಗೇ ಇರಬೇಕು, ಮಿಕ್ಕ ಹೊತ್ತಿನಲ್ಲಿ ರಾಕ್ಷಸರ ಕರುಳು ಬರೆಯುತ್ತೇನೆ. ಬೆಂಗಳೂರಿನ ಪ್ರಕಾಶಕರು ಅದನ್ನು ಗ್ರಾಫಿಕ್ ಕಾದಂಬರಿ ಅನ್ನುತ್ತಾರೆ. ನಿನ್ನಮ್ಮ, ಅಂದರೆ ನನ್ನಕ್ಕ ರೋಜಾ, ಕೊಲೆಪುಸ್ತಕ ಅನ್ನುತ್ತಾಳೆ. ನಿನಗೆ ಮಾತ್ರ ಅದರಲ್ಲಿರುವ ಕೊಲೆ ಯಾವತ್ತೂ ಸಾಲಲಿಲ್ಲ. ಮಲಮಕ್ಕಳನ್ನು ಸಾರು ಮಾಡುವ ರಾಣಿಯ ಕತೆ ನೆನಪಿದೆಯಾ? ಮಡಕೆಯಲ್ಲಿ ಕುದಿಯುತ್ತಿರುವ ಹುಡುಗ ತಲೆ ಹೊರಗೆ ಹಾಕಿ, ಉಪ್ಪು ಕಮ್ಮಿ ಆಗ್ಯದೆ ಚಿಕ್ಕಮ್ಮ ಅನ್ನುವ ಪುಟ ನೋಡಿ ನೀನು ಬಿದ್ದು ಬಿದ್ದು ನಕ್ಕೆ. ಆಮೇಲೆ ಮುಖ ಗಂಟು ಹಾಕಿಕೊಂಡು, "ಕಣ್ಣುಗುಡ್ಡೆ ಒಂದೇ ಯಾಕೆ ಮಾವ ಬಿದ್ದಿರದು? ಇನ್ನೊಂದ್ನೂ ಬೀಳ್ಸು" ಅಂದೆ. ಬೀಳಿಸಿದೆ. ಪುಟ ಚೆನ್ನಾಯಿತು.

ಇಲ್ಲಿನ ಶಾಲೆಯೊಂದಕ್ಕೆ ಆ ಪುಸ್ತಕ ತೋರಿಸಲು ಹೋಗಿದ್ದಾಗ ಶಿವಕುಮಾರಸ್ವಾಮಿ ಅನ್ನುವ ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದು, ಇದನ್ನ ನೋಡಿದರೆ ಮಕ್ಕಳು ಹೆದರಿಕೊಳ್ತಾವೆ ಸಾ, ಒಳ್ಳೇದು ಏನಾದರೂ ಬರೀಬಾರದಾ ಅಂದರು. ಒಳ್ಳೆಯ ಮನುಷ್ಯ, ನಿಜವಾಗಿ ಮಕ್ಕಳ ಚಿಂತೆ ಇದ್ದವರು. ಅವರ ಬೆನ್ನ ಹಿಂದೆ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಅದೇ ಮಡಕೆಯ ಪುಟ ನೋಡುತ್ತಿದ್ದವು. ನನಗೆ ಆಗ ಜವಾಬು ಹೊಳೆಯಲಿಲ್ಲ. ಈಗ ಹೊಳೆದಿದೆ, ಆದರೆ ಅದನ್ನು ಹೇಳಬೇಕಾದ್ದು ಅವರಿಗಲ್ಲ, ನಿನಗೆ.

ಆ ಕತೆಗಳೆಲ್ಲ ನನ್ನವೇನಲ್ಲ. ನಿನ್ನ ಅಪ್ಪನ ತಾಯಿ, ನಿನ್ನ ವಿಜಯಮ್ಮಜ್ಜಿಯ ಬಾಯಿಂದ ಕದ್ದವು. ಕೊಳ್ಳೇಗಾಲದ ನಿಮ್ಮ ಮನೆಯಲ್ಲಿ ಮಗ್ಗ ನಿಲ್ಲಿಸಿ, ದೀಪ ಹಚ್ಚಿ, ಉಂಡು ಆದ ಮೇಲೆ ಅಜ್ಜಿ ಕಾಲು ಚಾಚಿ ಕೂತರೆ ಬೀದಿಯ ಮಕ್ಕಳೆಲ್ಲ ಬಂದು ಸೇರುತ್ತಿದ್ದವು. ಕೇಳುವವರು ಮಾತುಮಾತಿಗೂ ಹೂಂ ಅನ್ನಬೇಕು. ಹೂಂ ನಿಂತರೆ ಕತೆ ನಿಂತಿತು. ನಿನ್ನ ಹೂಂ ಎಲ್ಲರಿಗಿಂತ ಜೋರು. ರಾಕ್ಷಸ ರಾಜಕುಮಾರನ ಕೈ ಕಡಿದ. ಹೂಂ. ಕಾಲು ಕಡಿದ. ಹೂಂ. ಕಡಿದ ಕೈಗೂ ಕಾಲಿಗೂ ಯಾರು ಮೊದಲು ಸಾರಿಗೆ ಬೀಳಬೇಕು ಅಂತ ಜಗಳ ಹತ್ತಿತು. ಆಗ ಹೂಂ ಹೋಗಿ ಬರೀ ನಗು.

ಅಜ್ಜಿಗೆ ಒಂದು ನೇಮ ಇತ್ತು. ಕತೆ ಏನಿದ್ದರೂ ದೀಪ ಹಚ್ಚಿದ ಮೇಲೆ. ಹಗಲಲ್ಲಿ ಕತೆ ಹೇಳಿದರೆ, ಕೇಳಿದರೆ, ಸೋದರಮಾವ ದಾರಿ ತಪ್ಪುತ್ತಾನೆ. ನಮ್ಮ ಕಡೆ ಅಜ್ಜಿಯರೆಲ್ಲ ಹೇಳುವುದೇ ಅದು. ಯಾಕೆ ಅಂತ ನಾನು ಯೋಚಿಸಿದ್ದೇನೆ. ನೇಯುವ ಮನೆಯಲ್ಲಿ ಹಗಲು ಕತೆಗೆ ಕೂತರೆ ಸೀರೆ ಮುಗಿಯುವುದು ಯಾವಾಗ? ಮಕ್ಕಳ ಕಾಟ ತಪ್ಪಿಸಿಕೊಳ್ಳಲು ಹಿಂದಿನವರು ಯಾರೋ ಕಟ್ಟಿದ ಮಾತು ಅದು. ಅಮ್ಮನ ಅಣ್ಣತಮ್ಮ ಅಂದರೆ ಮಕ್ಕಳಿಗೆ ಪ್ರೀತಿ ಜಾಸ್ತಿ, ಅವನ ಹೆಸರು ಹೇಳಿದರೆ ಬಾಯಿ ಮುಚ್ಚುತ್ತವೆ ಅಂತ ಲೆಕ್ಕ ಹಾಕಿದ್ದಾರೆ. ಅಷ್ಟೇ ಕಣವ್ವ.

ಆ ದಿನ ಬೆಳಗ್ಗೆಯಿಂದ ಕರೆಂಟ್ ಇರಲಿಲ್ಲ, ಮಗ್ಗ ನಿಂತಿತ್ತು. ನೀನು ಕತೆ ಕತೆ ಅಂತ ಅಜ್ಜಿಯ ಸೆರಗು ಹಿಡಿದು ಎಳೆದೆ. ಅಜ್ಜಿ ರಾಗಿ ಕೇರುತ್ತಾ, ಹಾಳಾಗಿ ಓಗು ಅಂತ ನಗುತ್ತಲೇ ಶುರು ಮಾಡಿದಳು. ಕತೆ ಅರ್ಧಕ್ಕೆ ಬರುವ ಹೊತ್ತಿಗೆ ಫೋನ್ ಬಂತು. ಗೋಪಿನಾಥಂ ಕಡೆ ಅಂಗಡಿ ಸಾಮಾನು ಹಾಕಲು ಹೋಗಿದ್ದ ನಿನ್ನಪ್ಪ ಚೌಡೇಶನ ಟೆಂಪೋ, ಪಾಲಾರಿನ ಹತ್ತಿರ ಕಾಡಿನ ತಿರುವಿನಲ್ಲಿ ಹಳ್ಳಕ್ಕೆ ಬಿದ್ದಿತ್ತು.

ಆಮೇಲೆ ನಿನ್ನ ಹೂಂ ನಿಂತುಹೋಯಿತು. ಅಪ್ಪನನ್ನು ಕಳೆದುಕೊಂಡ ಮಗು, ಅದಕ್ಕೇ ಹೀಗೆ ಅಂದುಕೊಂಡೆವು. ಅನ್ನ ಕಲೆಸಿಟ್ಟು ಎದ್ದು ಹೋಗುತ್ತಿದ್ದೆ. ಶಾಲೆಯಲ್ಲಿ ಟೀಚರ್ ಪಾಠದ ನಡುವೆ ಕತೆ ಹೇಳಲು ಹೊರಟರೆ ಕಿವಿ ಮುಚ್ಚಿಕೊಂಡು ಹೊರಗೆ ಓಡುತ್ತೀಯ ಅಂತ ನಿನ್ನಮ್ಮ ಹೇಳಿದಳು. ಯಾರಿಗೂ ಏನೂ ಹೊಳೆಯಲಿಲ್ಲ. ನಿನ್ನನ್ನು ನಗಿಸಬೇಕು ಅಂತ ಹಟ ಹಿಡಿದು ನಾನು ಹೊಸ ಪುಸ್ತಕದ ಹಾಳೆಗಳನ್ನು ತಂದೆ. ರಾಕ್ಷಸನ ಮುಂದೆ ಒಬ್ಬ ಹುಡುಗಿ ಕೂತು ಅವನಿಂದಲೇ ಕತೆ ಹೇಳಿಸುತ್ತಾಳೆ. ಕತೆ ಹೇಳುತ್ತಾ ಹೇಳುತ್ತಾ ಅವನಿಗೆ ಅವಳನ್ನು ತಿನ್ನುವುದು ಮರೆತುಹೋಗುತ್ತದೆ. ನೀನು ಆ ಪುಟವನ್ನು ಬಹಳ ಹೊತ್ತು ನೋಡಿದೆ. ನಗಲಿಲ್ಲ. "ಇವ್ಳನ್ನ ಸಾಯ್ಸು ಮಾವ" ಅಂದೆ.

ನಾನು ಎಂದಿನ ವಿಮರ್ಶೆ ಅಂದುಕೊಂಡೆ. ಉಳಿದವರನ್ನೆಲ್ಲ ಸಾಯಿಸುತ್ತೇನೆ, ಮಗೂನ ಮಾತ್ರ, ಮಡಕೇಲಿ ಕುದಿಸಿದರೂ, ಸಾಯಿಸಲ್ಲ, ಅದು ನನ್ನ ನೇಮ ಅಂದೆ. ನೀನು ಚಿತ್ರದ ಮೂಲೆಗೆ ಬೆರಳಿಟ್ಟೆ. ಹಳದಿ ಬಣ್ಣ ಉಳಿದಿತ್ತು ಅಂತ ಅಲ್ಲಿ ಒಂದು ಸೂರ್ಯನನ್ನು ಬರೆದಿದ್ದೆ.

"ಮೇಲೆ ಸೂರ್ಯ ಅವ್ನೆ ನೋಡು. ಅಗ್ಲೊತ್ತು ಕತೆ ಕೇಳ್ತಾವ್ಳೆ. ಅಪ್ಪನ್ನ ತಿಂದ್ಕಂಡ್ಲು ಅಂತ ಅಜ್ಜಿ ಅಂದ್ಲು. ಸಾಯ್ಲಿ ಅವ್ಳು."

ಇಷ್ಟು ಹೇಳಿ ನೀನು ಎದ್ದು ಒಳಗೆ ಹೋದೆ. ರೋಜಾಳನ್ನು ಕೇಳಿದರೆ ಅವಳಿಗೆ ಗೊತ್ತಿತ್ತು. ತಿಥಿಯ ದಿನ ನೆಂಟರ ಎದುರಿಗೇ ಅಜ್ಜಿ ಎದೆ ಬಡಿದುಕೊಂಡು ಹಾಗಂದಳಂತೆ. ಮಗನನ್ನು ಕಳೆದುಕೊಂಡ ಅತ್ತೆಗೆ ಎದುರು ಮಾತಾಡುವುದು ಹೇಗೆ ಅಂತ ಅಕ್ಕ ನುಂಗಿಕೊಂಡಿದ್ದಾಳೆ. ನನಗೆ ಬಂದ ಸಿಟ್ಟಿಗೆ ಅಟ್ಟದ ಮೇಲಿದ್ದ ನನ್ನ ಪುಸ್ತಕಗಳನ್ನೆಲ್ಲ ಕೆಳಗೆ ಎಸೆದೆ. ಯಾಕೆ ಎಸೆದೆನೋ ನನಗೇ ಗೊತ್ತಿಲ್ಲ.

ಈಗ ನ್ಯಾಯ ಮಾತಾಡೋಣ ಬಾ. ನೇಮ ಏನು ಹೇಳುತ್ತದೆ? ಸೋದರಮಾವ ದಾರಿ ತಪ್ಪುತ್ತಾನೆ ಅಂತ. ಅಪ್ಪ ಅಂತ ಎಲ್ಲಿದೆ? ಚಿಕ್ಕಪ್ಪ ಅಂತ ಎಲ್ಲಿದೆ? ನಿನ್ನಮ್ಮನಿಗೆ ಇರುವುದು ಒಬ್ಬನೇ ತಮ್ಮ, ಈ ದರಿದ್ರದವನು. ನಿನ್ನಪ್ಪನಿಗೆ ಅಕ್ಕತಂಗಿಯರೇ ಇಲ್ಲ, ಅವನು ಯಾರಿಗೂ ಸೋದರಮಾವ ಅಲ್ಲ. ನೀನು ಹಗಲು ಕತೆ ಕೇಳಿದ್ದರಿಂದ ಯಾರಿಗಾದರೂ ಏನಾದರೂ ಆಗಬೇಕಿದ್ದರೆ ಅದು ನನಗೆ. ನಾನು ಆ ಹೊತ್ತಿನಲ್ಲಿ ಯಳಂದೂರಿನ ಹೋಟೆಲಿನಲ್ಲಿ ಕೂತು ಎರಡನೇ ಸಲ ಚಟ್ನಿ ಹಾಕಿಸಿಕೊಳ್ಳುತ್ತಿದ್ದೆ. ಅಜ್ಜಿಯ ನೇಮವನ್ನು ಅಜ್ಜಿಯೇ ತಪ್ಪಾಗಿ ಓದಿದ್ದಾಳೆ. ಇಡೀ ಮನೆಯಲ್ಲಿ ಒಬ್ಬರೂ ಅದನ್ನು ಕೇಳಲಿಲ್ಲವಲ್ಲ ಅಂತ ನನಗೆ ಇವತ್ತಿಗೂ ಉರಿಯುತ್ತದೆ.

ನಿಜ ಏನು ಅಂತ ಕೇಳು. ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ ಅಂತ ನಿನ್ನಪ್ಪನೇ ನನ್ನ ಹತ್ತಿರ ಹೇಳಿದ್ದ. ಈ ಟ್ರಿಪ್ ಮುಗಿಯಲಿ, ಮಾಡಿಸುತ್ತೇನೆ ಅಂದಿದ್ದ. ಇಳಿಜಾರಿನಲ್ಲಿ ಅದು ಹಿಡಿಯಲಿಲ್ಲ. ಕತೆ ಅಲ್ಲ, ನೀನಲ್ಲ, ದೇವರೂ ಅಲ್ಲ. ಸವೆದುಹೋದ ಒಂದು ಕಬ್ಬಿಣದ ಚೂರು.

ಸುದ್ದಿ ಬಂದ ದಿನ ಆ ಹಳ್ಳಕ್ಕೆ ಹೋದವನು ನಾನು. ಯಾರಿಗೂ ಹೇಳದ ಒಂದು ಮಾತು ನಿನಗೆ ಹೇಳುತ್ತೇನೆ, ನೀನು ತಡೆದುಕೊಳ್ಳುತ್ತೀಯ. ಹಳ್ಳದ ತುಂಬ ಬಿಸ್ಕತ್ತು ಪೊಟ್ಟಣ ಚೆಲ್ಲಿತ್ತು. ಕೋತಿಗಳ ಹಿಂಡು ಕೂತು, ಮದುವೆ ಮನೆಯ ಪಂಕ್ತಿಯ ಹಾಗೆ, ಪೊಟ್ಟಣ ಹರಿದು ತಿನ್ನುತ್ತಿತ್ತು. ಒಂದು ಮುದಿ ಕೋತಿ ನಿನ್ನಪ್ಪನ ಹೆಗಲ ಟವಲನ್ನು ಹೊದ್ದುಕೊಂಡು ನನ್ನ ಮುಖವನ್ನೇ ನೋಡುತ್ತಿತ್ತು, ಯಾರು ನೀನು, ಕರೆದಿದ್ದರಾ ಅನ್ನುವ ಹಾಗೆ. ನನಗೆ ನಗು ಬಂತು ಮೋನಿ. ಭಾವ ಅಲ್ಲಿ ಬಟ್ಟೆಯ ಕೆಳಗೆ ಮಲಗಿದ್ದಾನೆ, ನನಗೆ ನಗು. ಆಮೇಲೆ ವಾಂತಿಯಾಯಿತು. ನಿನ್ನಪ್ಪ ಇದ್ದಿದ್ದರೆ ಅವನೂ ನಗುತ್ತಿದ್ದ, ನಿನ್ನ ನಗು ಅವನದೇ ತಾನೇ.

ಮೇಷ್ಟ್ರಿಗೆ ಕೊಡಬೇಕಿದ್ದ ಜವಾಬು ನನಗೆ ಸಿಕ್ಕಿದ್ದು ಅಲ್ಲಿ. ನನ್ನ ಪುಸ್ತಕದಲ್ಲಿ ಯಾರಾದರೂ ಸತ್ತರೆ ಕೊಂದವನಿಗೆ ಒಂದು ಮುಖ ಇರುತ್ತದೆ. ಕೋರೆಹಲ್ಲು ಇರುತ್ತದೆ, ಮೂಗಿನಲ್ಲಿ ಸಿಂಬಳ ಇರುತ್ತದೆ, ಅವನನ್ನು ನೋಡಿ ನಗಬಹುದು. ಕೊನೆಯ ಪುಟದಲ್ಲಿ ಅವನ ಹೊಟ್ಟೆ ಸೀಳಿ, ನುಂಗಿದವರನ್ನು ಇಡಿಯಾಗಿ ಹೊರಗೆ ಎಳೆಯಬಹುದು. ಮಕ್ಕಳು ಆ ಪುಟದ ಮೇಲೆ ಬೀಳುವುದು ಅದಕ್ಕೆ. ಬ್ರೇಕಿನ ಹೊಟ್ಟೆ ಸೀಳಿ ಯಾರನ್ನು ತೆಗೆಯುವುದು? ಅಜ್ಜಿಗೂ ಒಬ್ಬ ರಾಕ್ಷಸ ಬೇಕಾಗಿದ್ದ. ಕತೆ ಹೇಳಿದವಳು ತಾನೇ, ಹಾಗಾಗಿ ಒಳಗೊಳಗೆ ತಾನೇ ರಾಕ್ಷಸಿ ಅಂತ ಅವಳಿಗೆ ಅನ್ನಿಸಿರಬೇಕು. ಆ ಭಾರ ಹೊರಲು ಆಗದೆ ಹತ್ತಿರ ಸಿಕ್ಕಿದ ನಿನ್ನ ತಲೆಗೆ ಕಟ್ಟಿದಳು. ಅವಳು ಮಾಡಿದ್ದು ತಪ್ಪು. ನನಗೆ ಅವಳ ಮೇಲೆ ಸಿಟ್ಟಿದೆ, ಅಯ್ಯೋ ಅನ್ನಿಸುವುದೂ ಇದೆ. ನೀನು ಎರಡರಲ್ಲಿ ಯಾವುದನ್ನಾದರೂ ಇಟ್ಟುಕೋ, ಆದರೆ ಆ ಮಾತನ್ನು ಇಟ್ಟುಕೊಳ್ಳಬೇಡ.

ಬಾಯಿ ಮಾತಿಗೆ ನೀನು ನಂಬುವವಳಲ್ಲ, ಅದು ನನಗೆ ಗೊತ್ತು. ಅದಕ್ಕೇ ಕಾಗದದ ಜೊತೆ, ನಿನಗೆಂದೇ ಬರೆದ ಇನ್ನೊಂದು ಹೊಸ ಪುಸ್ತಕ ಕಳಿಸಿದ್ದೇನೆ. ಒಂದು ಊರಿನಲ್ಲಿ ಒಬ್ಬ ಹುಡುಗಿ ನಡುಮಧ್ಯಾಹ್ನ ಕತೆ ಕೇಳುತ್ತಾಳೆ. ಕೂಡಲೇ ಊರಿನ ಸೋದರಮಾವಂದಿರೆಲ್ಲ ಒಬ್ಬೊಬ್ಬರಾಗಿ ದಾರಿ ತಪ್ಪುತ್ತಾರೆ. ಒಬ್ಬ ಮೊಸಳೆಯ ಹತ್ತಿರ ಅಡ್ರೆಸ್ ಕೇಳಲು ಹೋಗಿ ಅದರ ಬಾಯೊಳಗೇ ಮನೆ ಮಾಡುತ್ತಾನೆ. ಒಬ್ಬ ಮಾಟಗಾತಿಯ ಬಾಣಲೆಯನ್ನು ಸ್ನಾನದ ತೊಟ್ಟಿ ಅಂದುಕೊಂಡು ಸೋಪು ಕೇಳುತ್ತಾನೆ. ಕೊನೆಯವನು ನನ್ನ ಹಾಗೇ ಇದ್ದಾನೆ, ಹೊಟ್ಟೆ ಸಮೇತ. ಅವನ ತಲೆಯನ್ನು ರಾಕ್ಷಸ ಕತ್ತರಿಸುತ್ತಾನೆ. ಅವನು ತಲೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆಯುತ್ತಾನೆ, ತಲೆ ಬಲಕ್ಕೆ ಅಂದರೆ ಕಾಲು ಎಡಕ್ಕೆ ಹೋಗುತ್ತದೆ, ಇಬ್ಬರಿಗೂ ದಾರಿಯುದ್ದಕ್ಕೂ ಜಗಳ. ಕಣ್ಣುಗುಡ್ಡೆ ಎರಡನ್ನೂ ಬೀಳಿಸಿದ್ದೇನೆ, ನೀನು ಹೇಳುವ ಮೊದಲೇ. ಹುಡುಗಿಯನ್ನು ಸಾಯಿಸಿಲ್ಲ. ಸಾಯಿಸುವುದೂ ಇಲ್ಲ.

ಭಾನುವಾರ ಈ ಪುಸ್ತಕವನ್ನು ನೀನು ಓದಬೇಕು. ಹಗಲಲ್ಲಿ, ಸೂರ್ಯ ನೆತ್ತಿಯ ಮೇಲಿರುವಾಗ, ಜಗಲಿಯಲ್ಲಿ ಕೂತು, ಗಟ್ಟಿಯಾಗಿ. ಅಜ್ಜಿಯನ್ನು ಎದುರಿಗೆ ಕೂರಿಸಿಕೋ. ಹೂಂ ಅನ್ನುವುದು ಈ ಸಲ ಅಜ್ಜಿಯ ಕೆಲಸ. ಅನ್ನದಿದ್ದರೆ ಬಿಡಬೇಡ. ಆ ಹೊತ್ತಿಗೆ ನಿನ್ನ ಸೋದರಮಾವ ಗೋಪಿನಾಥಂನಿಂದ ವಾಪಸ್ ಬರುವ ಬಸ್ಸಿನಲ್ಲಿ, ಅದೇ ಕಾಡಿನಲ್ಲಿ, ಅದೇ ತಿರುವಿನಲ್ಲಿ ಇರುತ್ತಾನೆ. ಹನೂರು ದಾಟಿ ಸಂಜೆಗೆ ಕೊಳ್ಳೇಗಾಲಕ್ಕೆ ಬಂದು ಇಳಿಯುತ್ತಾನೆ.

ನಿನ್ನಮ್ಮನಿಗೆ ಫೋನಿನಲ್ಲಿ ಹೇಳಿದೆ. "ತಲೆ ಕೆಟ್ಟದಾ ನಿಂಗೆ? ನೀನೂ ಓಗ್ಬುಟ್ರೆ ನಾ ಏನ್ ಮಾಡ್ಲಿ?" ಅಂದಳು. ನೋಡು, ಅವಳೂ ಅರ್ಧ ನಂಬಿದ್ದಾಳೆ. ಅತ್ತಳು, ಆಮೇಲೆ ಒಪ್ಪಿದಳು. ನಿನ್ನ ಹತ್ತಿರ ಸುಳ್ಳು ಯಾಕೆ, ನನಗೂ ಒಳಗೆ ಸ್ವಲ್ಪ ಪುಕಪುಕ ಅನ್ನುತ್ತಿದೆ. ಆ ದಾರಿಯಲ್ಲಿ ಬಸ್ಸು ಕೆಡುವುದು ಮಾಮೂಲು, ಆನೆ ಅಡ್ಡ ನಿಂತರೆ ಡ್ರೈವರ್ ಅದರ ಮರ್ಜಿ ಕಾಯಬೇಕು. ತಡವಾದರೆ ಅದು ಟೈರು, ಇಲ್ಲವೇ ಆನೆ. ನೀನಲ್ಲ. ತಡವಾಯಿತು ಅಂತ ಪುಸ್ತಕ ಮುಚ್ಚಬೇಡ. ಕೊನೆಯ ಪುಟ ಬಿಟ್ಟು ಉಳಿದದ್ದೆಲ್ಲ ಓದಿ ಕಾಯುತ್ತಿರು.

ಕೊನೆಯ ಪುಟದಲ್ಲಿ ರುಂಡ ಕಂಕುಳಲ್ಲಿಟ್ಟ ಮಾವ ಆ ಹುಡುಗಿಯ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಅವನು ಏನು ಹೇಳುತ್ತಾನೆ ಅಂತ ಬರೆದಿಲ್ಲ. ಭಾನುವಾರ ಸಂಜೆ ನಾನೇ ನಿಮ್ಮ ಬಾಗಿಲಲ್ಲಿ ನಿಂತು, ತಲೆ ಇರಬೇಕಾದ ಕಡೆಯೇ ಇಟ್ಟುಕೊಂಡು, ಬೀದಿಗೆಲ್ಲ ಕೇಳುವ ಹಾಗೆ ಹೂಂ ಅನ್ನುತ್ತೇನೆ. ಮುಂದಕ್ಕೆ ನೀನು ಹೇಳು.

ನೂರು ವರ್ಷ ಬಾಳು ಕಂದ, ಹಗಲೂ ಇರುಳೂ ಕತೆ ಕೇಳಿಕೊಂಡು.

ಬಂದೇ ಬರುವ,
ನಿನ್ನ ಸತೀಶ ಮಾವ