ದ್ಯಾಮಣ್ಣನ ಉಸಿರು, ಮುಂಡರಗಿಯ ಚೆಂಡು

ಮುಂಡರಗಿ
ಫೆಬ್ರವರಿ ಮೂವತ್ತೊಂದು, ೨೩೯೧

ನಮಗಿಂತ ಮುನ್ನೂರು ವರ್ಷ ಮೊದಲೇ ಹುಟ್ಟಿ, ನಮಗಿಂತ ಮೊದಲೇ ದಣಿದು ಕೂತ ಮಹನೀಯರೇ, ಮಾನ್ಯ ಮೊಣಕಾಲು ನೋವಿನವರೇ,

ತಾರೀಖು ಕಂಡು ಗಾಬರಿಯಾಗಬೇಡಿ. ಫೆಬ್ರವರಿಗೆ ಅನ್ಯಾಯವಾಗಿದೆ ಎಂದು ನಮ್ಮ ಕಾಲದವರು ಚಳವಳಿ ಹೂಡಿ ಅದಕ್ಕೆ ಮೂರು ದಿನ ಕೊಡಿಸಿದ್ದಾರೆ. ನನ್ನ ಪದಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮೆಯಿರಲಿ. ತಿಳಿಯದ್ದನ್ನು ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ.

ನಾವು ತುಂಗಭದ್ರೆಯನ್ನು ಗಾಳಿಬಸ್ಸಿನಲ್ಲಿ ದಾಟುತ್ತೇವೆ. ಅದಕ್ಕೆ ಡ್ರೈವರಿಲ್ಲ, ಚಕ್ರವಿಲ್ಲ. ಆದರೂ ಸೀಟು ತುಂಬುವ ತನಕ ಮೇಲೇಳುವುದಿಲ್ಲ. ಮಿರ್ಚಿಯನ್ನು ಯಂತ್ರ ಕರಿಯುತ್ತದೆ. ಖಾರವಾಯಿತು ಎಂದರೆ ವಿನಯದಿಂದ ಕ್ಷಮೆ ಕೇಳಿ ಇನ್ನೊಂದು ಕೊಡುತ್ತದೆ, ಅದೂ ಖಾರವೇ. ಇಷ್ಟೆಲ್ಲ ಸುಖವಿದ್ದರೂ ಊರಿಗೆ ಊರೇ ಉಸಿರು ಬಿಗಿಹಿಡಿಯುವುದು ರಗ್ಬಿ ಲೀಗ್ ಎಂಬ ಆಟಕ್ಕೆ. ತಂಡಕ್ಕೆ ಹದಿಮೂರು ಜನ. ಎದುರಾಳಿಯ ಗಡಿಗೆರೆಯಾಚೆ ಚೆಂಡನ್ನು ನೆಲಕ್ಕೆ ಊರಿದರೆ ನಾಲ್ಕು ಅಂಕ. ಚೆಂಡು ಹಿಡಿದವನನ್ನು ತಬ್ಬಿ ಕೆಡವುವುದಕ್ಕೆ ನಾವು ‘ಅಪ್ಪು’ ಎನ್ನುತ್ತೇವೆ. ಆರು ಅಪ್ಪು ಆಗುವವರೆಗೆ ಚೆಂಡು ನಿಮ್ಮದು, ಆಮೇಲೆ ಅವರದು. ನಡುವೆ ಕೈಯಿಂದ ಜಾರಿತೋ, ಆಗಲೇ ಅವರದು.

ಈ ವರ್ಷ ಕೊನೆಯ ಪಂದ್ಯ ನದಿಯಾಚೆಯ ಹಡಗಲಿಯ ಮೇಲೆ. ಮುಂಡರಗಿ ಸೋತರೆ ತಂಡಕ್ಕೆ ಬೀಗ. ಹದಿಮೂರೂ ಜನ ಹಡಗಲಿಯ ಅಂಗಿ ತೊಟ್ಟು ಅವರ ಪರವಾಗಿ ಆಡಬೇಕು. ಹಾಗೆಂದು ಲೀಗಿನವರ ತೀರ್ಮಾನ.

ಈ ಆಟ ಒಂದು ಗಾಣ. ಚೆಂಡಿದ್ದವರು ಓಡುತ್ತಾರೆ, ಇಲ್ಲದವರು ಅಪ್ಪುತ್ತಾರೆ. ಓಡುವುದಕ್ಕಿಂತ ಅಪ್ಪುವುದೇ ಆಯಾಸ, ಸಂಸಾರಸ್ಥರಿಗೆ ವಿವರಿಸಬೇಕಿಲ್ಲ. ಕೈ ಜಾರಿದರೆ ಚೆಂಡು ಹೋಯಿತು, ಚೆಂಡು ಹೋದರೆ ದಮ್ಮು ಹೋಯಿತು, ದಮ್ಮು ಹೋದರೆ ಕೈ ಮತ್ತೆ ಜಾರಿತು. ತಪ್ಪಿನಿಂದ ಅಪ್ಪು, ಅಪ್ಪಿನಿಂದ ಸುಸ್ತು, ಸುಸ್ತಿನಿಂದ ಮತ್ತೆ ತಪ್ಪು. ಪ್ರಾಸ ಚೆನ್ನಾಗಿದೆ, ಪಾಯಿಂಟ್ ಮಾತ್ರ ಸೊನ್ನೆ.

ನಮ್ಮ ಗಾಣದ ಎತ್ತು ದ್ಯಾಮಣ್ಣ. ತಂಡದಲ್ಲಿ ಅವನಷ್ಟು ವೇಗಿ ಮತ್ತೊಬ್ಬನಿಲ್ಲ. ಆದರೆ ಅವನದು ಕಬಡ್ಡಿ ಮನೆತನ. ಚೆಂಡು ಸಿಕ್ಕೊಡನೆ ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಎನ್ನುತ್ತ ನುಗ್ಗುತ್ತಾನೆ. ಕೋಚ್ ಶಾಂತವ್ವ ಗೆರೆಯಾಚೆಯಿಂದ ಕೂಗುತ್ತಾಳೆ: “ಲೇ ದ್ಯಾಮ್ಯಾ, ಬಾಯಿ ಮುಚ್ಚಿ ಉಸರ ತಗೊಳ್ಳೋ!”

“ಬಾಯಿ ನಿಂತ್ರ ಕಾಲೂ ನಿಲ್ತಾವ್ರೀ ಅಕ್ಕಾರ!” ಎನ್ನುತ್ತಾನೆ ಅವನು. ಹಾಗೆನ್ನುವಾಗ ಉಸಿರು ಮುರಿಯಿತೆಂದು, ಪಾಪ, ತಾನೇ ಔಟಾಗಿ ಹೊರಗೆ ಹೋಗಿ ಕೂರುತ್ತಾನೆ.

ಮೊದಲರ್ಧದಲ್ಲಿ ಇದು ನಗುವ ಮಾತು. ದಣಿದ ಮೇಲೆ ಅಲ್ಲ. ದಣಿದ ಮೈ ಕಲಿತದ್ದನ್ನು ಮರೆತು, ರಕ್ತದಲ್ಲಿ ಬಂದದ್ದನ್ನು ಮಾಡುತ್ತದೆ. ಎದುರಾಳಿಯನ್ನು ಮುಟ್ಟಿದೊಡನೆ ದ್ಯಾಮಣ್ಣ ಗಿರಕ್ಕನೆ ತಿರುಗಿ, ಚೆಂಡು ಸಮೇತ ನಮ್ಮದೇ ಗಡಿಗೆ ಓಡಿ ಬಂದು, ಎರಡೂ ಕೈ ಎತ್ತಿ ಪಾಯಿಂಟಿಗೆ ಕಾಯುತ್ತಾನೆ. ಕೈ ಎತ್ತಿದರೆ ಚೆಂಡು ಬೀಳದಿರುತ್ತದೆಯೇ? ಹೋದ ಸಲ ಹಡಗಲಿಯವನೊಬ್ಬ ಹಿಂದೆಯೇ ಬಂದು, “ಭಾಳ ಉಪಕಾರ ಆತ್ ನೋಡಪಾ,” ಎಂದು ಅದನ್ನು ಅಲ್ಲೇ ಊರಿ ಹೋದ.

ಈಗ ಕೊನೆಯ ಪಂದ್ಯದ ಕೊನೆಯ ಗಳಿಗೆ. ಮುಂಡರಗಿ ಎರಡು ಅಂಕ ಹಿಂದೆ. ಐದು ಅಪ್ಪು ಮುಗಿದಿವೆ. ಚೆಂಡು ದ್ಯಾಮಣ್ಣನ ಕೈಗೆ ಬಂತು. ಕಬಡ್ಡಿ ಎನ್ನಲೂ ಆಗದಷ್ಟು ಬಾಯಿ ಒಣಗಿದೆ. ಗಡಿಗೆ ಹತ್ತು ಹೆಜ್ಜೆ, ಅಡ್ಡ ನಿಂತವನು ಒಬ್ಬನೇ. ದ್ಯಾಮಣ್ಣ ಅವನನ್ನು ಮುಟ್ಟಿದ. ಮುಟ್ಟಿ...

ಮುಂದೇನಾಯಿತೋ ನನಗೆ ಗೊತ್ತಿಲ್ಲ. ಇದು ೨೩೯೧ ಅಲ್ಲ, ಗಾಳಿಬಸ್ಸೂ ಇಲ್ಲ. ಆ ಪಂದ್ಯ ನಾಳೆ ಮಧ್ಯಾಹ್ನ. ಶಾಂತವ್ವ ಅಂದರೆ ನಾನೇ. ಬೀಗದ ಮಾತೂ ನಿಜ. ಹತ್ತಿರ ನಿಂತು ಕೂಗಿದ್ದು ನಿಮ್ಮ ಹದಿಮೂರು ಜನರ ಕಿವಿಗೆ ಹೋಗಲಿಲ್ಲ, ಅದಕ್ಕೇ ಇಷ್ಟು ದೂರ ಹೋಗಿ ಬರೆದೆ.

ದ್ಯಾಮ್ಯಾ, ಮುಟ್ಟಿದ ಮೇಲೆ ಮನೀಗೆ ಓಡಲೇಬೇಕು ಅನ್ನಿಸಿದರೆ, ಹಡಗಲಿಯವರ ಗೆರೆಯನ್ನೇ ನಿನ್ನ ಮನಿ ಅಂತ ತಿಳಕೊಂಡು ಓಡು. ನಾಳೆ ಸೋತರೆ ಹೆಂಗೂ ನಿನ್ನ ಮನಿ ಅದೇ.